ಗುರುಗಳು ಕುಡಿದ ನೀರು

ನಮ್ಮ ಅಡಿಗೆಕೋಣೆಯ ಬಾಗಿಲ ಹತ್ತಿರ, ಕುಡಿಯುವ ನೀರಿನ ಕೊಡಪಾನದ ಮೇಲ್ಗಡೆ, ಗೋಡೆಯಲ್ಲಿ ಒಂದು ಫೋಟೊ ಉಂಟು. ಪೇಪರಿನಿಂದ ಕತ್ತರಿಸಿ ಸುಳ್ಯದಲ್ಲಿ ಕಟ್ಟು ಹಾಕಿಸಿದ್ದು. ಕಾವಿ ಉಟ್ಟ ಗುರುಗಳು ನಮ್ಮ ಜಗಲಿಯಲ್ಲಿ ಕುರ್ಚಿಯ ಮೇಲೆ ಕೂತು ಸ್ಟೀಲಿನ ಲೋಟದಲ್ಲಿ ನೀರು ಕುಡಿಯುತ್ತಾ ಇದ್ದಾರೆ. ಮನೆಗೆ ಬಂದವರು ಅದನ್ನು ನೋಡಿ, "ನಿಮಗೆ ಗುರುಭಕ್ತಿ ಜೋರುಂಟು ಮಾರಾಯ್ರೆ" ಅನ್ನುತ್ತಾರೆ. ಅತ್ತೆ ಅದನ್ನು ದೇವರಕೋಣೆಗೆ ಒಯ್ಯಲು ಎಷ್ಟೋ ಸಲ ನೋಡಿದರು, ನಾನು ಬಿಡಲಿಲ್ಲ. ಭಕ್ತಿಯೂ ಇಲ್ಲ, ಮಣ್ಣೂ ಇಲ್ಲ. ಸೇಡಿಗೆ ಹಾಕಿದ ಫೋಟೊ ಅದು, ನೀರಿನ ಹತ್ತಿರವೇ ಇರಬೇಕು.

ನಾನು ಹುಟ್ಟಿ ಬೆಳೆದದ್ದು ನರಿಮೊಗರಿನ ಹತ್ತಿರ. ಅಮ್ಮ ನನಗೆ ಬುದ್ಧಿ ತಿಳಿಯುವ ಮೊದಲೇ ಹೋಗಿಬಿಟ್ಟಿದ್ದರು. ಅಪ್ಪನೇ ನನ್ನ ತಲೆ ಬಾಚಿದ್ದು, ಅಪ್ಪನೇ ಬುತ್ತಿ ಕಟ್ಟಿದ್ದು, ಶಾಲೆಯ ಮೀಟಿಂಗಿಗೆ ಹೆಂಗಸರ ಮಧ್ಯ ಒಬ್ಬರೇ ಗಂಡಸಾಗಿ ಕೂತದ್ದೂ ಅಪ್ಪನೇ. ಅಷ್ಟಕ್ಕೆಲ್ಲ ಬದಲಾಗಿ ನನಗೆ ಇದ್ದದ್ದು ಒಂದೇ ಕೆಲಸ. ತೋಟದಿಂದ ಬಂದು ಜಗಲಿಯ ತುದಿಯಲ್ಲಿ ಕೂತು ಅಪ್ಪ, "ನೀರು ತಾ ಮಗಾ" ಅನ್ನುತ್ತಿದ್ದರು. ನಾನು ಒಂದು ಚೆಂಬು ನೀರು, ಒಂದು ತುಂಡು ಬೆಲ್ಲ ತಂದು ಇಡುತ್ತಿದ್ದೆ. ನಮ್ಮ ಕಡೆ ಮನೆಗೆ ಯಾರು ಬಂದರೂ ಮೊದಲು ಅದೇ, ಬೆಲ್ಲ ಮತ್ತು ನೀರು. ಆಮೇಲೆಯೇ ಬಾಕಿ ಮಾತು. ಅಪ್ಪ ಬೆಲ್ಲ ಬಾಯಿಗೆ ಹಾಕಿ, ತಲೆ ಮೇಲೆ ಎತ್ತಿ, ಚೆಂಬು ತುಟಿಗೆ ತಾಗಿಸದೆ ಗಟಗಟ ಕುಡಿಯುತ್ತಿದ್ದರು. ಗಂಟಲ ಗಂಟು ಮೇಲೆ ಕೆಳಗೆ ಹೋಗುದನ್ನು ನಾನು ಎದುರು ಕೂತು ನೋಡುತ್ತಿದ್ದೆ. ನನ್ನಿಂದ ಅಪ್ಪನಿಗೆ ಉಪಕಾರ ಆಯಿತು ಅಂತ ದಿನಕ್ಕೊಮ್ಮೆ ಅನಿಸುವ ಹೊತ್ತು ಅದು.

ನಮ್ಮ ಮಠದ ಗುರುಗಳು ಮನೆಯಲ್ಲಿ ದೇವರಿಗಿಂತ ಒಂದು ಮೆಟ್ಟಿಲು ಮೇಲೆಯೇ ಇದ್ದರು ಅನ್ನಬೇಕು. ದೇವರ ಹತ್ತಿರ ಅಪ್ಪ ಕೆಲವು ಸಲ ಜಗಳ ಮಾಡಿದ್ದುಂಟು, ಅಮ್ಮನ ವಿಷಯದಲ್ಲಿ. ಗುರುಗಳ ಹತ್ತಿರ ಎಂದೂ ಇಲ್ಲ. ಬೇಸಿಗೆ ರಜೆಯಲ್ಲಿ ಗುರುಗಳು ಮಕ್ಕಳಿಗೆ ಶಿಬಿರ ಮಾಡುತ್ತಿದ್ದರು. ಶ್ಲೋಕ, ಭಜನೆ, ಮಧ್ಯಾಹ್ನ ಪಾಯಸದ ಊಟ. ಸುಳ್ಳು ಹೇಳುದಿಲ್ಲ, ಆಗ ನನಗೂ ಅವರನ್ನು ಕಂಡರೆ ಪ್ರಾಣ. ಒಳ್ಳೆ ಸ್ವರ, ಒಳ್ಳೆ ನಗು. "ಸಂಶಯ ಬಂದರೆ ಎದ್ದು ನಿಂತು ಕೇಳಬೇಕು ಮಕ್ಕಳೇ, ನಮಗೆ ಹೆದರಬಾರದು" ಅಂತ ದಿನಾ ಹೇಳುತ್ತಿದ್ದರು. ಒಂದು ದಿನ ನಾನು ಎದ್ದು ನಿಂತೆ. ದೇವರು ಎಲ್ಲ ಕಡೆ ಇದ್ದಾನೆ ಅಂತಾದರೆ ನೈವೇದ್ಯ ಮಾಡುವಾಗ ಬಾಗಿಲು ಯಾಕೆ ಹಾಕುದು ಅಂತ ಕೇಳಿದೆ. ಹಿಂದೆ ಕೂತ ದೊಡ್ಡವರೆಲ್ಲ "ಶ್" ಅಂದರು. ಗುರುಗಳು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕು, ಎದುರಿನ ಹರಿವಾಣದಿಂದ ಒಂದು ಕಿತ್ತಳೆ ತೆಗೆದು ನನ್ನ ಕೈಗೆ ಹಾಕಿದರು. ಅಪ್ಪ ಆ ಕಥೆಯನ್ನು ಪುತ್ತೂರಿನ ಸಂತೆಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದರು.

ಉತ್ತರ ಮಾತ್ರ ಅವರು ಕೊಡಲಿಲ್ಲ. ಅದು ನನಗೆ ಹೊಳೆದದ್ದು ತುಂಬ ವರ್ಷ ಕಳೆದ ಮೇಲೆ.

ನನ್ನ ಗಂಡ ಮಂಡೆಕೋಲಿನವರು, ಅರೆಭಾಷೆ ಮಾತಾಡುವ ಮನೆಯವರು, ನಮ್ಮ ಜಾತಿಯವರಲ್ಲ. ಕೊಯಿಲದ ಫಾರ್ಮಿನಲ್ಲಿ ದನಗಳ ಚಾಕರಿ ಕಲಿತು, ಆಮೇಲೆ ನಮ್ಮ ಊರಿನ ಕಡೆ ದನದ ಡಾಕ್ಟ್ರ ಸಹಾಯಕ್ಕೆ ಇದ್ದರು. ನಮ್ಮ ಹಟ್ಟಿಯಲ್ಲಿ ಒಂದು ದನ ಕರು ಹಾಕಲಾಗದೆ ಒದ್ದಾಡುವಾಗ ಬಂದವರು, ಆಮೇಲೆ ಬರುದು ಬಿಡಲಿಲ್ಲ. ಅಪ್ಪನಿಗೆ ಅವರನ್ನು ಕಂಡರೆ ಆಗ ಎಂಥ ಪ್ರೀತಿ! "ಕೈಗುಣ ಅಂದರೆ ಇವನದ್ದು" ಅನ್ನುತ್ತಿದ್ದರು. ಅವರು ಬಂದಾಗೆಲ್ಲ ಬೆಲ್ಲ ನೀರು ತಂದು ಇಟ್ಟದ್ದು ನಾನೇ. ನಮ್ಮ ಮನೆಯ ನೀರು ಅವರು ಎಷ್ಟು ಕುಡಿದಿದ್ದಾರೆ ಅಂತ ಆ ದೇವರಿಗೇ ಗೊತ್ತು. ಇದನ್ನು ಇಲ್ಲಿಯೇ ಹೇಳಿಡುತ್ತೇನೆ, ಮುಂದೆ ಬೇಕಾಗುತ್ತದೆ.

ನಾನು ಅವರನ್ನು ಮದುವೆ ಆಗುತ್ತೇನೆ ಅಂದಾಗ ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. "ಹುಡುಗ ಒಳ್ಳೆಯವನೇ. ಜನ ನಾಲ್ಕು ದಿನ ಮಾತಾಡ್ತಾರೆ, ಮಾತಾಡಲಿ. ಗುರುಗಳ ಹತ್ತಿರ ಒಂದು ಮಾತು ಕೇಳಿ ಬರುವ" ಅಂದರು. ನಮ್ಮವರು ಮಾಡುವ ತಪ್ಪೇ ಇದು. ಮನಸ್ಸಿನಲ್ಲಿ ಸರಿ ಅಂತ ತೀರ್ಮಾನ ಆದದ್ದನ್ನೂ ಒಯ್ದು ಗುರುಗಳ ಕಾಲಬುಡದಲ್ಲಿ ಇಟ್ಟು ಕೇಳುದು. ಬಾವಿ ತೋಡುದಾದರೂ ಕೇಳಬೇಕು, ಕಿಟಿಕಿ ಇಡುದಾದರೂ ಕೇಳಬೇಕು. ಅವರು ಕೊಡುವ ಆ ನಾಲ್ಕು ಕಾಳು ಮಂತ್ರಾಕ್ಷತೆ ಕೈಗೆ ಬೀಳದೆ ಮನೆಯಲ್ಲಿ ಒಂದು ಹುಲ್ಲುಕಡ್ಡಿ ಅಲ್ಲಾಡಬಾರದು. ಅಪ್ಪ ಕೇಳದೆ ಇದ್ದಿದ್ದರೆ ಈ ಕಥೆಯೇ ಇರಲಿಲ್ಲ.

ಮಠಕ್ಕೆ ಹೋದೆವು. ಉದ್ದ ಸಾಲು. ಅಪ್ಪನ ಕೈಯಲ್ಲಿ ಹಣ್ಣಿನ ಹರಿವಾಣ. ನಮ್ಮ ಸರದಿ ಬಂದಾಗ ಅಪ್ಪ ಅಡ್ಡ ಬಿದ್ದು ಎದ್ದು, ತಗ್ಗಿದ ಸ್ವರದಲ್ಲಿ ವಿಷಯ ಹೇಳಿದರು. ಗುರುಗಳು ಪಕ್ಕದಲ್ಲಿ ನಿಂತವರಿಗೆ ಎಂತದೋ ಸನ್ನೆ ಮಾಡಿಕೊಂಡೇ ಕೇಳಿದರು. ನನ್ನ ಮುಖ ನೋಡಲಿಲ್ಲ. "ಅವಳ ದಾರಿ ಅವಳಿಗೆ. ನೀವು ಆ ಮನೆಯಲ್ಲಿ ನೀರು ಕುಡಿಯುವುದು ಬೇಡ" ಅಂದರು. ಅಷ್ಟೇ. ಅಪ್ಪನ ಬೊಗಸೆಗೆ ಮಂತ್ರಾಕ್ಷತೆ ಬಿತ್ತು, ನಾನು ಒಡ್ಡಿದ ಕೈಯನ್ನು ದಾಟಿ ಅವರ ಕೈ ಮುಂದೆ ಹೋಯಿತು. ನಮ್ಮ ಹಿಂದೆ ನಿಂತವರ ಹತ್ತಿರ, "ನಿಮ್ಮಲ್ಲಿ ಈ ಸಲ ಕೊಳೆರೋಗ ಹೇಗುಂಟು?" ಅಂತ ಕೇಳಿದರು. ಅಡಿಕೆಯ ಕೊಳೆರೋಗದ ವಿಷಯ ನಮ್ಮದಕ್ಕಿಂತ ಹೆಚ್ಚು ಹೊತ್ತು ನಡೆಯಿತು.

ನನಗೆ ಸಂಶಯ ಇತ್ತು. ಎದ್ದು ನಿಂತು ಕೇಳಬೇಕು ಅಂತ ಅವರೇ ಕಲಿಸಿದ್ದು. ಬಾಯಿ ತೆರೆಯುವಷ್ಟರಲ್ಲಿ ಅಪ್ಪ ನನ್ನ ಮಣಿಗಂಟು ಹಿಡಿದು ಎಳೆದುಕೊಂಡು ಹೊರಗೆ ಬಂದರು.

ಸುಳ್ಯದ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕಿ ಮದುವೆ ಆಯಿತು, ಮಂಡೆಕೋಲಿನಲ್ಲಿ ಊಟ. ಅಪ್ಪ ಬಂದರು. ಚಪ್ಪರದ ಕೆಳಗೆ ನಿಂತು ಇಬ್ಬರ ತಲೆಗೂ ಅಕ್ಕಿಕಾಳು ಹಾಕಿದರು, ಕಣ್ಣು ಒರೆಸಿಕೊಂಡರು, ಊಟಕ್ಕೆ ಎಲೆ ಹಾಕುವ ಮೊದಲು ಹೊರಟರು. ಅತ್ತೆ ಅಂಗಳದ ತುದಿಯವರೆಗೂ ಬೆಲ್ಲ ನೀರು ಹಿಡಿದುಕೊಂಡು ಹಿಂದೆಯೇ ಓಡಿದರು. ಅಪ್ಪ ಕೈ ಮುಗಿದರು, ಲೋಟ ಮುಟ್ಟಲಿಲ್ಲ. ಅತ್ತೆ ವಾಪಸು ಬಂದು ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು. "ನೀರ್ಲಿ ಎಂತ ಉಟ್ಟು?" ಅಂತ ಅವರ ಅರೆಭಾಷೆಯಲ್ಲಿ ನನ್ನನ್ನೇ ಕೇಳಿದರು. ಆ ದಿನ ಆ ಹೆಂಗಸಿನ ಮುಖ ನೋಡಿಯೇ ನಾನು ನಿಶ್ಚಯ ಮಾಡಿದ್ದು, ಇದನ್ನು ನಾನು ಬಿಡುದಿಲ್ಲ ಅಂತ.

ಅಪ್ಪ ನನ್ನನ್ನು ಬಿಟ್ಟುಬಿಟ್ಟಿದ್ದರೆ ಎಷ್ಟೋ ಸುಲಭ ಆಗುತ್ತಿತ್ತು. ಬಿಡಲಿಲ್ಲ. ಬಸ್ಸಿನಲ್ಲಿ ಬರುತ್ತಿದ್ದರು, ಬಸಳೆ, ಅಂಬಟೆ, ಮಾವಿನ ಮಿಡಿ ಹೊತ್ತುಕೊಂಡು. ಹೆಗಲ ಚೀಲದಲ್ಲಿ ಒಂದು ಸ್ಟೀಲಿನ ಬಾಟ್ಲಿ, ನರಿಮೊಗರಿನ ನೀರು. ಅಂಗಳದಲ್ಲಿ ಇಟ್ಟ ನೀರಿನಲ್ಲಿ ಕಾಲು ತೊಳೆಯುತ್ತಿದ್ದರು, ಅದಕ್ಕೆ ಅಡ್ಡಿ ಇಲ್ಲವಂತೆ, ಗುರುಗಳು ಕುಡಿಯುದು ಬೇಡ ಅಂತ ಮಾತ್ರ ಹೇಳಿದ್ದಂತೆ! ಜಗಲಿಯಲ್ಲಿ ಕೂರುತ್ತಿದ್ದರು, ಗಂಡನ ಹತ್ತಿರ ದನದ ವಿಷಯ ಮಾತಾಡುತ್ತಿದ್ದರು, ಮಗಳು ಹುಟ್ಟಿದ ಮೇಲೆ ಅವಳನ್ನು ತೊಡೆಯ ಮೇಲೆ ಕೂರಿಸಿ ಆಡಿಸುತ್ತಿದ್ದರು. ನಾನು ಪ್ರತಿ ಸಲವೂ ಬೆಲ್ಲ ನೀರು ತಂದು ಅವರ ಎದುರು ಇಡುತ್ತಿದ್ದೆ. ಬೇಕಂತಲೇ. "ಯಾಕೆ ಮಾರಾಯ್ತಿ ಅವರಿಗೆ ಕಷ್ಟ ಕೊಡುದು?" ಅಂತ ಗಂಡ ಒಳಗೆ ಬಂದು ಪಿಸುಗುಟ್ಟುತ್ತಿದ್ದರು. ಕಷ್ಟ ಆಗಲಿ. ನನಗೆ ಆಗುದಿಲ್ಲವಾ? ಅಪ್ಪ ಲೋಟ ನೋಡುದು, ಬೇರೆ ಕಡೆ ತಿರುಗುದು, ಬಾಟ್ಲಿಯ ಮುಚ್ಚಳ ತಿರುಪುದು. ಅವರು ಹೋದ ಮೇಲೆ ಆ ನೀರನ್ನು ಹಟ್ಟಿಯ ಬಾಲ್ದಿಗೆ ಸುರಿದು ಬರುತ್ತಿದ್ದೆ. ಒಮ್ಮೆ ಮಗಳು, "ಅಜ್ಜನಿಗೆ ನಮ್ಮ ನೀರು ಕುಡಿದರೆ ಹೊಟ್ಟೆನೋವು ಬರುದಾ?" ಅಂತ ಕೇಳಿದಳು. ಅಪ್ಪನೂ ಕೇಳಿಸಿಕೊಂಡರು.

ಒಂದು ಬೇಸಿಗೆಯಲ್ಲಿ ಬಾಟ್ಲಿ ದಾರಿಯಲ್ಲೇ ಖಾಲಿ ಆಗಿತ್ತು. ಅಪ್ಪ ಬಂದು ಕೂತವರು ತುಟಿ ನೆಕ್ಕಿಕೊಳ್ಳುತ್ತಿದ್ದರು, ಮಾತು ಅಂಟುತ್ತಿತ್ತು. ಎದುರಿಗೆ ನಾನಿಟ್ಟ ನೀರು. ಅದನ್ನು ನೋಡಿಕೊಂಡೇ ಎದ್ದು, ಬಸ್‌ಸ್ಟ್ಯಾಂಡಿನ ಅಂಗಡಿಯವರೆಗೆ ಬಿಸಿಲಲ್ಲಿ ನಡೆದು ಹೋಗಿ, ಲಿಂಬೆ ಶರಬತ್ತು ಕುಡಿದು ಬಂದರು. ಈಗ ಕೇಳಿ. ಬೇಸಿಗೆಯಲ್ಲಿ ಆ ಅಂಗಡಿಯವನ ಬಾವಿ ಬತ್ತುತ್ತದೆ, ಅವನು ಬೆಳಿಗ್ಗೆ ಬೆಳಿಗ್ಗೆ ಕ್ಯಾನು ತಂದು ನೀರು ತುಂಬಿಸಿಕೊಂಡು ಹೋಗುದು ನಮ್ಮ ಬಾವಿಯಿಂದಲೇ! ನಾನು ಅಪ್ಪನಿಗೆ ಹೇಳಲಿಲ್ಲ. ಹೇಳಿದ್ದರೆ ಅದನ್ನೂ ಬಿಟ್ಟು ಬಾಯಾರಿ ಸಾಯುತ್ತಿದ್ದರು. ಒಳಗೆ ಹೋಗಿ ಬಾಗಿಲ ಹಿಂದೆ ನಿಂತು ನಕ್ಕೆ, ಆಮೇಲೆ ಅತ್ತುಬಿಟ್ಟೆ. ಗುರುಗಳ ಗಂಟಲು ಒಣಗಿ ಹೋಗಲಿ ಅಂತ ಆ ದಿನ ದೇವರ ಎದುರು ದೀಪ ಹಚ್ಚಿ ಕೇಳಿಕೊಂಡೆ. ಇಂಥದ್ದನ್ನೆಲ್ಲ ಕೇಳಬಾರದು ಅಂತ ಹೇಳುವವರು ಹೇಳಲಿ, ಅವರ ಅಪ್ಪಂದಿರು ಅವರ ಮನೆಯಲ್ಲಿ ನೀರು ಕುಡಿಯುತ್ತಾರೆ.

ಹೀಗೆ ವರ್ಷಗಟ್ಟಲೆ ಹೋಯಿತು. ಗುರುಗಳು ಈಚೆಗೆ ಬೇರೆಯೇ ಭಾಷಣ ಮಾಡುತ್ತಿದ್ದಾರೆ ಅಂತ ಫೋನಿನಲ್ಲಿ ಬರುವ ವಿಡಿಯೋಗಳಲ್ಲಿ ನೋಡುತ್ತಿದ್ದೆ. ಎಲ್ಲರೂ ಒಂದೇ, ಎಲ್ಲರ ಮನೆಯೂ ನಮ್ಮ ಮನೆಯೇ. ಮೈಕ್ ಅದೇ, ಸ್ವರ ಅದೇ, ಹೊಟ್ಟೆ ಹಿಡಿದುಕೊಂಡು ನಗುವ ನಗುವೂ ಅದೇ. ಹೋದ ವರ್ಷ ಊರೂರಿಗೆ ಬಂದು ಮನೆಮನೆಗೆ ಹೋಗುವ ಕಾರ್ಯಕ್ರಮ ಹಾಕಿಕೊಂಡರು. ಮಂಡೆಕೋಲಿಗೂ ಬರುತ್ತಾರೆ ಅಂತಾಯಿತು. ಊರಿನ ಸಮಿತಿಯವರು ಮನೆಗಳನ್ನು ಆರಿಸುತ್ತಾ ನಮ್ಮಲ್ಲಿಗೆ ಬಂದರು. ನಮ್ಮದು ರಸ್ತೆಯ ಬದಿ, ಕಾರುಗಳು ನಿಲ್ಲಲಿಕ್ಕೆ ಜಾಗ ಉಂಟು, ಗಂಡ ಎಲ್ಲರ ಹಟ್ಟಿಗೂ ಬೇಕಾದವರು. "ಗುರುಗಳು ನಿಮ್ಮಲ್ಲಿ ಬೆಲ್ಲ ನೀರಿನ ಬಾಯಾರಿಕೆ ತೆಗೆದುಕೊಳ್ಳುವುದಾಗಬಹುದಾ?" ಅಂತ ವಿನಯದಿಂದ ಕೇಳಿದರು.

ಗಂಡ ನನ್ನ ಮುಖ ನೋಡಿದರು. ಅವರಿಗೆ ಗೊತ್ತು. "ನಮಗೆ ಅನುಕೂಲ ಇಲ್ಲ ಅಂತ ಹೇಳುವನಾ?" ಅಂದರು ಮೆಲ್ಲ.

"ಬರಲಿ," ಅಂದೆ. ಬೇಟೆ ತಾನಾಗಿ ನಡೆದುಕೊಂಡು ಅಂಗಳಕ್ಕೆ ಬರುವಾಗ ಬಾಗಿಲು ಹಾಕುವವರು ಯಾರು?

ಅಪ್ಪನಿಗೆ ಫೋನು ಮಾಡಿದೆ. "ಗುರುಗಳು ನಮ್ಮ ಮನೆಗೆ ಬರ್ತಾರೆ, ನೀವೂ ಬನ್ನಿ ಅಪ್ಪ" ಅಂದೆ. "ಯಾವ ಗುರುಗಳು?" ಅಂದರು. "ನಿಮ್ಮದೇ" ಅಂದೆ. ಅಪ್ಪ ನಂಬಲಿಲ್ಲ. ಆದರೂ ಆ ದಿನ ಬೆಳಿಗ್ಗೆಯೇ ಬಂದು ಇಳಿದರು, ಒಗೆದ ಬಿಳಿ ವಸ್ತ್ರ, ಹೆಗಲಲ್ಲಿ ಶಾಲು, ಚೀಲದಲ್ಲಿ ಅದೇ ಬಾಟ್ಲಿ. ಅಂಗಳದಲ್ಲಿ ಅತ್ತೆ ಹಾಕಿದ ರಂಗೋಲಿ ನೋಡಿಕೊಂಡು ಕಂಬದ ಹತ್ತಿರ ನಿಂತವರು ಕೂತುಕೊಳ್ಳಲೇ ಇಲ್ಲ.

ಕಾರುಗಳು ಬಂದವು. ಜನ, ಜೈಕಾರ, ಕ್ಯಾಮರಾ. ಗುರುಗಳು ಮುದುಕರಾಗಿದ್ದಾರೆ, ಒಬ್ಬರ ಹೆಗಲು ಹಿಡಿದು ಜಗಲಿ ಹತ್ತಿದರು. ಹೊಸ ಬಟ್ಟೆ ಹಾಸಿದ ಕುರ್ಚಿಯಲ್ಲಿ ಕೂತರು. ನಾನೇ ಹರಿವಾಣದಲ್ಲಿ ಬೆಲ್ಲ, ನೀರು ತಂದು ಹಿಡಿದೆ. ಅವರು ಬೆಲ್ಲದ ತುಂಡು ಬಾಯಿಗೆ ಹಾಕಿ ಲೋಟ ಎತ್ತಿದರು. "ಗುರುಗಳೇ, ಸ್ವಲ್ಪ ಈ ಕಡೆ" ಅಂದ ಕ್ಯಾಮರಾದವ. ಸ್ವಲ್ಪ ಆ ಕಡೆ ತಿರುಗಿ, ಪೂರ್ತಿ ಕುಡಿದು, "ಆಹಾ, ಒಳ್ಳೆ ಸಿಹಿ ನೀರು" ಅಂದರು. ಆಮೇಲೆ ಖಾಲಿ ಲೋಟ ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು. "ನೀರಿಗೆ ಭೇದ ಉಂಟಾ? ಬಾಯಾರಿಕೆಗೆ ಭೇದ ಉಂಟಾ?" ಜನ ಚಪ್ಪಾಳೆ ತಟ್ಟಿದರು. ನಾನು ಅಪ್ಪನನ್ನು ನೋಡಿದೆ. ಅವರ ಕೈ ಚೀಲದ ಮೇಲೆ, ಬಾಟ್ಲಿ ಇದ್ದ ಕಡೆಯೇ, ಇತ್ತು.

ಲೋಟವನ್ನು ಗುರುಗಳ ಕೈಯಿಂದ ನಾನು ತೆಗೆದುಕೊಂಡೆ. ಚಪ್ಪಾಳೆ ನಿಲ್ಲುವವರೆಗೆ ಕಾದೆ.

"ನನಗೊಂದು ಸಂಶಯ ಗುರುಗಳೇ."

"ಕೇಳಮ್ಮ, ಕೇಳು" ಅಂದರು ಖುಷಿಯಿಂದ. ಕಿತ್ತಳೆ ಕೊಟ್ಟ ಅದೇ ಮುಖ.

"ನೀವು ಕುಡಿದ ನೀರನ್ನು ನನ್ನ ಅಪ್ಪ ಯಾಕೆ ಕುಡಿಯಬಾರದು?"

ಅವರಿಗೆ ಅರ್ಥವಾಗಲಿಲ್ಲ. ನಾನು ಅರ್ಥ ಮಾಡಿಸಿದೆ. ಎಲ್ಲರಿಗೂ ಕೇಳುವ ಹಾಗೆ, ಅವರೇ ಶಿಬಿರದಲ್ಲಿ ಕಲಿಸಿದ ಸ್ಪಷ್ಟ ಉಚ್ಚಾರದಲ್ಲಿ, ಸಾಲಿನಲ್ಲಿ ನಿಂತದ್ದು, ಹೇಳಿದ ಮಾತು, ದಾಟಿ ಹೋದ ಕೈ, ಎಲ್ಲ ಹೇಳಿದೆ. ಕಂಬದ ಹತ್ತಿರ ಬೆರಳು ತೋರಿಸಿ, "ಅಲ್ಲಿ ನಿಂತಿದ್ದಾರೆ ನೋಡಿ, ಚೀಲದಲ್ಲಿ ಅವರ ಬಾಟ್ಲಿ ಉಂಟು. ಮದುವೆಯಾಗಿ ಬಂದಂದಿನಿಂದ ಈ ಮನೆಯ ಒಂದು ಹನಿ ಅವರ ಗಂಟಲಿಗೆ ಇಳಿದಿಲ್ಲ" ಅಂದೆ. ಸಮಿತಿಯವರು ನೆಲ ನೋಡಿದರು. ಕ್ಯಾಮರಾದವ ಕ್ಯಾಮರಾ ಇಳಿಸಿದ. ಗಂಡ ನನ್ನ ಪಕ್ಕಕ್ಕೆ ಬಂದು ನಿಂತರು, ತಡೆಯಲಿಕ್ಕಲ್ಲ, ಸುಮ್ಮನೆ ನಿಂತರು. ಈ ಕ್ಷಣಕ್ಕಾಗಿ ನಾನು ಎಷ್ಟು ವರ್ಷ ಮನಸ್ಸಿನಲ್ಲಿ ಕತ್ತಿ ಮಸೆದಿದ್ದೆನೋ. ಗುರುಗಳು ನಾಚಬೇಕು, ಇಲ್ಲ ಸಿಟ್ಟಾಗಬೇಕು, ಇಲ್ಲ ಸಮರ್ಥನೆ ಮಾಡಬೇಕು. ಮೂರಕ್ಕೂ ನನ್ನ ಹತ್ತಿರ ಉತ್ತರ ತಯಾರು ಇತ್ತು.

ಅವರು ಕಣ್ಣು ಕಿರಿದು ಮಾಡಿ ಅಪ್ಪನನ್ನು ನೋಡಿದರು. ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡಿದರು, ನಾಟಕ ಅಲ್ಲ.

"ನಾವು ಹಾಗೆ ಹೇಳಿದ್ದುಂಟಾ? ನಮಗೆ ನೆನಪೇ ಇಲ್ಲವಲ್ಲ!" ಅಂದರು. ನಕ್ಕರು. "ಹೇಳಿದ್ದರೂ ಅದು ಆ ಕಾಲಕ್ಕೆ. ಈಗ ಕುಡಿಯಬಹುದು, ಧಾರಾಳ ಕುಡಿಯಬಹುದು." ಪಕ್ಕದವರ ಕಡೆ ತಿರುಗಿ, "ಮುಂದಿನ ಮನೆ ಯಾವುದು?" ಅಂತ ಕೇಳಿದರು.

ಏಳುವ ಮೊದಲು ಎಲ್ಲರಿಗೂ ಮಂತ್ರಾಕ್ಷತೆ ಕೊಟ್ಟರು. ಈ ಸಲ ನನ್ನ ಎದುರು ಅವರ ಕೈ ನಿಂತಿತು. ನಾನು ಎರಡೂ ಕೈಯಲ್ಲಿ ಆ ಖಾಲಿ ಲೋಟವನ್ನು ಗಟ್ಟಿ ಹಿಡಿದುಕೊಂಡೇ ಇದ್ದೆ. ಅವರು ಸ್ವಲ್ಪ ಹೊತ್ತು ಕಾದರು. ಅಕ್ಕಿಕಾಳು ಅವರ ಬೆರಳಲ್ಲೇ ಉಳಿಯಿತು, ಕೈ ವಾಪಸು ಹೋಯಿತು. ಬದುಕಿನಲ್ಲಿ ಇಷ್ಟು ರುಚಿಯಾದದ್ದು ನಾನು ಬೇರೆ ಎಂತದೂ ತಿಂದಿಲ್ಲ.

ಕಾರುಗಳು ಹೋದವು. ಧೂಳು ಇಳಿಯಿತು. ಗೆದ್ದೆ ಅಂತ ತಿರುಗಿ ನೋಡಿದರೆ ಅಪ್ಪ ಕಂಬ ಹಿಡಿದುಕೊಂಡು ಜಗಲಿಯ ತುದಿಯಲ್ಲಿ ಕೂರುತ್ತಾ ಇದ್ದರು, ಮೆಲ್ಲ, ಸೊಂಟ ನೋವಿನವರ ಹಾಗೆ. ಚೀಲದಿಂದ ಬಾಟ್ಲಿ ತೆಗೆದರು. ಮುಚ್ಚಳ ತಿರುಪಿ, ನರಿಮೊಗರಿನ ಆ ನೀರನ್ನೆಲ್ಲ ಜಗಲಿಯ ಕೆಳಗಿನ ದಾಸವಾಳದ ಬುಡಕ್ಕೆ ಸುರಿದರು. ಕೊನೆಯ ಹನಿ ಬೀಳುವವರೆಗೂ ಬಾಟ್ಲಿ ಬೋರಲು ಹಿಡಿದಿದ್ದರು.

"ಪ್ರತಿ ವರ್ಷ ಅವರ ಹತ್ತಿರ ಹೋಗ್ತಿದ್ದೆ ಮಗಾ," ಅಂದರು. "ಮಗಳು ಹೇಗಿದ್ದಾಳೆ ಅಂತ ಒಮ್ಮೆ ಕೇಳ್ತಾರೆ, ಆಗ ಆ ಮಾತಿನಿಂದ ಬಿಡುಗಡೆ ಕೇಳುವ ಅಂತ. ಕೇಳ್ತಾರೆ ಅಂತ ಕಾಯ್ತಾ ಇದ್ದೆ. ನೆನಪಿಟ್ಟುಕೊಂಡಿದ್ದಾರೆ ಅಂತ ತಿಳ್ಕೊಂಡಿದ್ದೆ."

ಅಪ್ಪನಿಗೆ ಹೇಳಲಿಕ್ಕೆಂದೇ ನಾನು ಕೂಡಿಟ್ಟ ಮಾತುಗಳು ಬೇಕಾದಷ್ಟಿದ್ದವು. ನನ್ನ ಗಂಡ ನಿಮ್ಮ ಮನೆಯ ನೀರು ಕುಡಿದದ್ದು ನೆನಪುಂಟಾ, ನನ್ನ ಅತ್ತೆ ಅಂಗಳದಲ್ಲಿ ನಿಂತದ್ದು ನೆನಪುಂಟಾ, ಅಂಗಡಿಯ ಶರಬತ್ತು ಯಾವ ಬಾವಿಯದ್ದು ಗೊತ್ತುಂಟಾ. ಬಾಯಿಯವರೆಗೂ ಬಂತು. ಅಷ್ಟರಲ್ಲಿ ಅಪ್ಪ ತಲೆ ಎತ್ತದೆ ಹೇಳಿದರು.

"ನೀರು ತಾ ಮಗಾ."

ಒಳಗೆ ಹೋದೆ. ಗುರುಗಳು ಕುಡಿದ ಲೋಟ ಬಚ್ಚಲಿನ ಮೂಲೆಗೆ ಬಿತ್ತು. ಚೆಂಬು ತುಂಬಿಸಿ, ಬೆಲ್ಲ ಇಟ್ಟು ತಂದೆ. ಅಪ್ಪ ಮೊದಲಿನ ಹಾಗೆಯೇ ತಲೆ ಮೇಲೆ ಎತ್ತಿ ಕುಡಿದರು, ಆದರೆ ಅರ್ಧ ನೀರು ಎದೆಯ ಮೇಲೆ ಹರಿಯಿತು. ಗಂಟಲ ಗಂಟು ಮೇಲೆ ಕೆಳಗೆ ಹೋಯಿತು. ನಾನು ಎದುರು ಕೂತು ನೋಡಿದೆ. ಅತ್ತೆ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಿದ್ದರು.

ಈಗ ಅಪ್ಪ ಬಾಟ್ಲಿ ತರುದಿಲ್ಲ. ಬಂದು ಆ ಫೋಟೊ ಕಾಣುವ ಜಾಗದಲ್ಲೇ ಕೂರಬೇಕು, ಬೇರೆ ಕಡೆ ನಾನು ಬಿಡುದಿಲ್ಲ. ಒಂದು ಚೆಂಬು ಮುಗಿದ ಕೂಡಲೇ ಇನ್ನೊಂದು ತಂದು ಇಡುತ್ತೇನೆ. "ಸಾಕು ಮಗಾ, ಹೊಟ್ಟೆ ತುಂಬಿತು" ಅನ್ನುತ್ತಾರೆ. "ಇಷ್ಟು ವರ್ಷದ್ದು ಬಾಕಿ ಉಂಟು, ಕುಡಿಯಿರಿ" ಅನ್ನುತ್ತೇನೆ. ಗುರುಗಳನ್ನು ನಾನು ಕ್ಷಮಿಸಿಲ್ಲ, ಅಪ್ಪನನ್ನೂ ಪೂರ್ತಿ ಕ್ಷಮಿಸಿಲ್ಲ. ಅದು ಅಪ್ಪನಿಗೆ ಗೊತ್ತುಂಟು. ಅವರು ಒಮ್ಮೆ ನನ್ನ ಮುಖ ನೋಡುತ್ತಾರೆ, ಚೆಂಬು ಎತ್ತುತ್ತಾರೆ, ಕುಡಿಯುತ್ತಾರೆ.